ಮ್ಯೂಸಿಯಂನ ಆನ್‌ಲೈನ್ ಚಟುವಟಿಕೆಯಿಂದ ಮಕ್ಕಳು ಎಂತ ಕಲಿತ್ರು ಅಂತ ನೋಡುವುದು ಹೇಗೆ

ಮ್ಯೂಸಿಯಂಗೋ ಕೋಟೆಗೋ ಟೂರ್ ಹೋಗುವ ಮೊದಲು ಕ್ಲಾಸಿನ ಗ್ರೂಪಿಗೆ ಒಂದು ಲಿಂಕ್ ಹಾಕುವುದು ಈಗ ನಮ್ಮ ಕಾಸರಗೋಡಿನ ಶಾಲೆಗಳಲ್ಲೂ ರೂಢಿ ಆಗಿದೆ. ಕ್ವಿಜ್, ಒತ್ತಿದ್ರೆ ವಿವರ ಬರುವ ಫೋಟೋ, 360 ಡಿಗ್ರಿ ಟೂರ್, ಎಲ್ಲ ಉಂಟು, ಒಳ್ಳೇದೇ. ಆದ್ರೆ ಅದ್ರಿಂದ ಪ್ರಯೋಜನ ಆಯ್ತಾ ಅಂತ ನೋಡುವ ಕೆಲಸ ಹೆಚ್ಚಿನ ಕಡೆ ಹಾಳಾಗುವುದನ್ನೇ ನಾನು ನೋಡಿದ್ದು. ಕೊನೆಗೊಂದು ಗೂಗಲ್ ಫಾರ್ಮ್, "ಇಷ್ಟ ಆಯ್ತಾ?", 5 ಸ್ಟಾರ್, ಮುಗೀತು. ಟೀಚರ್ ಕಳಿಸಿದ ಲಿಂಕಿಗೆ ಯಾವ ಮಗುವೂ 1 ಸ್ಟಾರ್ ಕೊಡುವುದಿಲ್ಲ ಮಾರಾಯ್ರೇ, ಅದು ಮರ್ಯಾದೆಗೆ ಕೊಟ್ಟದ್ದು, ಕಲಿತದ್ದಕ್ಕೆ ಸಾಕ್ಷಿ ಅಲ್ಲ.

ಮೊದಲು, ಮಗು ಎಂತ ಕಲೀಬೇಕು ಅಂತ ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಬ್ರಿಟನ್‌ನ ಮ್ಯೂಸಿಯಂನವರು ಕಲಿಕೆಯನ್ನು ಐದು ಬಗೆ ಮಾಡಿ ನೋಡ್ತಾರೆ: ತಿಳುವಳಿಕೆ, ಕೌಶಲ, ಮನೋಭಾವ, ಖುಷಿ ಮತ್ತು ಸೃಜನಶೀಲತೆ, ಆಮೇಲಿನ ನಡವಳಿಕೆ. ಐದನ್ನೂ ಒಟ್ಟಿಗೆ ಅಳೀಲಿಕ್ಕೆ ಹೋಗ್ಬೇಡಿ, ಒಂದು ಸಾಕು, ಹೆಚ್ಚೆಂದ್ರೆ ಎರಡು.

ಎರಡನೇದಾಗಿ ಚಟುವಟಿಕೆಯನ್ನು ನೀವೇ ಒಮ್ಮೆ ಮಾಡಿ, ಆದ್ರೆ ಫೋಟೋವನ್ನು ಕೈಯಲ್ಲಿ ಮುಚ್ಚಿಕೊಂಡು. ಫೋಟೋ ನೋಡದೆಯೇ ಉತ್ತರ ಕೊಡ್ಲಿಕ್ಕೆ ಆಗ್ತದೆ ಅಂತಾದ್ರೆ ಆ ಪ್ರಶ್ನೆ ಮ್ಯೂಸಿಯಂನದ್ದಲ್ಲ, ಗೈಡ್ ಪುಸ್ತಕದ್ದು. ನಮ್ಮ ಬೇಕಲ ಕೋಟೆಯನ್ನೇ ತಗೊಳ್ಳಿ. "ಕಟ್ಟಿಸಿದವರು ಯಾರು?" ಅಂತ ಕೇಳಿದ್ರೆ ಮಗು ಇನ್ನೊಂದು ಟ್ಯಾಬ್ ತೆರೆದು ಶಿವಪ್ಪ ನಾಯಕ ಅಂತ ಹಾಕಿ ಮುಂದೆ ಹೋಗ್ತದೆ, ಕೋಟೆಯನ್ನು ನೋಡಿರುವುದೇ ಇಲ್ಲ. ಅದೇ ಕೆಂಪುಕಲ್ಲಿನ ಗೋಡೆಯ ಫೋಟೋ ಕೊಟ್ಟು, ಗುಂಡು ಹೊಡೆಯುವ ಕಂಡಿಗಳು ಬೇರೆಬೇರೆ ಎತ್ತರದಲ್ಲಿ ಯಾಕೆ ಉಂಟು ಅಂತ ಕೇಳಿ ನೋಡಿ. ಮೇಲಿನದ್ದು ದೂರದ ಶತ್ರುವಿಗೆ, ಮಧ್ಯದ್ದು ಹತ್ತಿರ ಬಂದವನಿಗೆ, ಕೆಳಗಿನದ್ದು ಗೋಡೆಯ ಬುಡಕ್ಕೇ ಬಂದವನಿಗೆ. ಇದು ಫೋಟೋವನ್ನು ಹಿಗ್ಗಿಸಿ ನೋಡದೆ ಹೊಳೆಯುವಂಥದ್ದಲ್ಲ.

ಫೋನ್ ನಂಬರ್, ಲಾಗಿನ್ ಕೇಳುವ ಆ್ಯಪ್ ಆದ್ರೆ ಅಲ್ಲಿಗೇ ಬಿಡಿ. ಎಲ್ಲ ಒತ್ತಿ ಮುಗಿಸಿದ ಕೂಡ್ಲೇ ಸರ್ಟಿಫಿಕೇಟ್ ಕೊಡುವಂಥದ್ದೂ ಬೇಡ, ಮಕ್ಕಳು ಸರ್ಟಿಫಿಕೇಟಿಗೋಸ್ಕರ ಓಡ್ತಾರೆ, ಓದುವುದಿಲ್ಲ.

ಮೂರನೇದು, 5 ಮಕ್ಕಳನ್ನು ಆರಿಸಿ. ಸಾಫ್ಟ್‌ವೇರ್ ಬಳಸ್ಲಿಕ್ಕೆ ಸುಲಭ ಉಂಟಾ ಅಂತ ನೋಡುವ ವಿಷಯದಲ್ಲಿ ದೊಡ್ಡ ಹೆಸರಾದ ಜೇಕಬ್ ನೀಲ್ಸನ್ 2000ದಲ್ಲೇ ಲೆಕ್ಕ ಹಾಕಿ ಹೇಳಿದ್ದಾರೆ, 5 ಜನರನ್ನು ಕೂರಿಸಿ ನೋಡಿದ್ರೆ ತೊಂದರೆಗಳಲ್ಲಿ ಸುಮಾರು 85% ಸಿಕ್ಕಿಬಿಡ್ತದೆ ಅಂತ. ಕ್ಲಾಸಿನ ಹುಷಾರಿ ಮಕ್ಕಳನ್ನೇ ಕರೀಬೇಡಿ. ಶಾಲೆಯ ಲ್ಯಾಪ್‌ಟಾಪಲ್ಲಿ ಅಲ್ಲ, ಅವರ ಮನೆಯಲ್ಲಿ ಇರುವಂಥ ಫೋನಲ್ಲೇ ಮಾಡಿಸಿ. ಕನ್ನಡದ ಒತ್ತಕ್ಷರ ಒಡೆದು ಕಾಣುವುದು, ಬಟನ್ ಸ್ಕ್ರೀನಿನಿಂದ ಹೊರಗೆ ಹೋಗುವುದು ಎಲ್ಲ ಅಲ್ಲೇ ಗೊತ್ತಾಗುವುದು.

ಇನ್ನು ನಾಲ್ಕನೇದು, ಪಕ್ಕದಲ್ಲಿ ಕೂತು ನೋಡುವುದು. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳ್ತೇನೆ.

ಒಂದು ಸಲಕ್ಕೆ ಒಂದೇ ಮಗು. ನೀವು ಎದುರು ಕೂರ್ಬೇಡಿ, ಬೆರಳು ಎಲ್ಲಿ ಹೋಗ್ತದೆ ಅಂತ ಕಾಣುವ ಹಾಗೆ ಪಕ್ಕದಲ್ಲಿ ಸ್ವಲ್ಪ ಹಿಂದೆ ಕೂತ್ಕೊಳ್ಳಿ. ಶುರುವಲ್ಲೇ ಹೇಳಿ: "ಇದು ನಿನಗೆ ಪರೀಕ್ಷೆ ಅಲ್ಲ, ಈ ಆಟಕ್ಕೆ ಪರೀಕ್ಷೆ. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಮಾಡು, ನಿಮ್ಮ ಮನೆಯಲ್ಲಿ ಮಾತಾಡುವ ಹಾಗೆಯೇ ಹೇಳು." ಈ ಕಡೇ ಮಾತು ನಮ್ಮ ಊರಲ್ಲಿ ತುಂಬ ಮುಖ್ಯ. ಕನ್ನಡ ಮೀಡಿಯಂ ಮಕ್ಕಳೇ ಆದ್ರೂ ಮನೆಯಲ್ಲಿ ತುಳು, ಕೊಂಕಣಿ, ಮಲಯಾಳಂ, ಬ್ಯಾರಿ, ಹವ್ಯಕ, ಮರಾಟಿ ಹೀಗೆ ಒಂದೊಂದು. ಪುಸ್ತಕದ ಕನ್ನಡದಲ್ಲೇ ಹೇಳು ಅಂದ್ರೆ ಮಗು ಸುಮ್ಮನಾಗ್ತದೆ, ನಾವು ಅದಕ್ಕೆ ಗೊತ್ತಿಲ್ಲ ಅಂತ ಬರೀತೇವೆ, ಎಂಥ ಅನ್ಯಾಯ ಅದು. ನಿಮಗೆ ಆ ಭಾಷೆ ಬರದಿದ್ರೆ ಬರುವವರೊಬ್ಬರನ್ನು ಕೂರಿಸ್ಕೊಳ್ಳಿ.

ಆಮೇಲೆ ನಿಮ್ಮ ಬಾಯಿ ಬಂದ್. "ಕೆಳಗೆ ಹೋಗು, ಅಲ್ಲಿ ಒತ್ತು, ಅಲ್ಲ ಅಲ್ಲ ಆಚೆದು" ಅಂತ ಟೀಚರ್‌ಗಳು ಹೇಳಿಕೊಡುವುದನ್ನು ಎಷ್ಟು ಕಡೆ ನೋಡಿದ್ದೇನೆ, ಹೇಳಿಕೊಡುವುದು ನಮಗೆ ಅಭ್ಯಾಸ ಆಗಿಹೋಗಿದೆ, ಆದ್ರೆ ಒಂದು ಸಲ ಹೇಳಿಕೊಟ್ರೆ ಆ ಮಗುವಿನಿಂದ ಸಿಗಬೇಕಾದ ಮಾಹಿತಿ ಹೋಯ್ತು. ತಾಳಮದ್ದಳೆಯಲ್ಲಿ ಅರ್ಥಧಾರಿ ಮಾತು ಮುಗಿಸುವವರೆಗೆ ಭಾಗವತರು ಕಾಯ್ತಾರಲ್ಲ, ಹಾಗೆ ಕಾಯ್ಬೇಕು. "ಸಾರ್, ಇಲ್ಲಿ ಒತ್ತಬೇಕಾ?" ಅಂತ ಕೇಳಿದ್ರೆ "ನಿನಗೆ ಎಂತ ಅನ್ನಿಸ್ತದೆ?" ಅಂತ ವಾಪಸ್ ಕೇಳಿ, ಅಷ್ಟೇ.

ನೋಟ್ ಪುಸ್ತಕದಲ್ಲಿ ಕಂಡದ್ದನ್ನು ಮಾತ್ರ ಬರೀರಿ. "ಬೋರ್ ಆಯ್ತು" ಅಂತ ಬರೀಬೇಡಿ, ಅದು ನಿಮ್ಮ ಊಹೆ. "ವಿಡಿಯೋ ಅರ್ಧಕ್ಕೆ ನಿಲ್ಲಿಸಿದ, ಹಿಂದಿನ ಫೋಟೋಗೆ ಹೋದ" ಅಂತ ಬರೀರಿ. ಬೇಕಲದ ಚಟುವಟಿಕೆ ಮಾಡ್ತಿದ್ದ ಒಬ್ಬಳು ಹುಡುಗಿ ಎರಡು ಬೆರಳಲ್ಲಿ ಗೋಡೆಯನ್ನು ದೊಡ್ಡದು ಮಾಡಿ, ಮೇಲಿನ ಕಂಡಿಯಿಂದ ಸ್ಕ್ರೀನಿನ ಅಂಚಿನವರೆಗೆ ಉಗುರಲ್ಲಿ ಗೆರೆ ಎಳೆದು "ಇದು ಅಲ್ಲಿಗೆ ಹೋಗ್ತದೆ" ಅಂದ್ಳು, ಆಮೇಲೆ ಕೆಳಗಿನ ಕಂಡಿಯಿಂದ ಬುಡಕ್ಕೆ ಎಳೆದು "ಇದು ಇಲ್ಲೇ ಬೀಳ್ತದೆ" ಅಂದ್ಳು. ಮುಂದಿನ ಪ್ರಶ್ನೆ ಇಸವಿಯದ್ದು, ಅದು ತಪ್ಪಾಯ್ತು, ಸ್ಕೋರ್ ಸೊನ್ನೆ ಬಂತು. ಬರೀ ಸ್ಕೋರ್ ನೋಡುವವರಿಗೆ ಅವಳು ಕಲಿತದ್ದು ಕಾಣುವುದೇ ಇಲ್ಲ.

ರೆಕಾರ್ಡ್ ಮಾಡುವುದಾದ್ರೆ ಫೋನಿನ ಸ್ಕ್ರೀನ್ ರೆಕಾರ್ಡರ್ ಸಾಕು, ಮಕ್ಕಳ ಮುಖ ಬೇಡ, ಮನೆಯವರ ಒಪ್ಪಿಗೆ ಬರವಣಿಗೆಯಲ್ಲಿ ಇರ್ಲಿ.

ಮೊದಲು, ಆಮೇಲೆ ಅಂತ ಹೋಲಿಸಲಿಕ್ಕೆ ಪ್ರಶ್ನೆಪತ್ರಿಕೆಗಿಂತ ನನಗೆ ಹಿಡಿಸಿದ್ದು ಅಮೆರಿಕದ ಜಾನ್ ಫಾಕ್ ಮತ್ತು ಜೊತೆಯವರು ಮ್ಯೂಸಿಯಂಗಳಲ್ಲಿ ಬಳಕೆಗೆ ತಂದ ಕ್ರಮ. ಹಾಳೆಯ ಮಧ್ಯದಲ್ಲಿ "ಕೋಟೆ" ಅಂತ ಬರೆದು ಕೊಡಿ, ಸುತ್ತ ಮನಸ್ಸಿಗೆ ಬಂದದ್ದನ್ನು ಬರೀಲಿ, ಚಿತ್ರವೂ ಆಗ್ತದೆ. ಚಟುವಟಿಕೆ ಮುಗಿದ ಮೇಲೆ ಅದೇ ಹಾಳೆ, ಬೇರೆ ಬಣ್ಣದ ಪೆನ್ನು. ಹೊಸತಾಗಿ ಸೇರಿದ್ದು ಎಷ್ಟು ಅಂತ ಎಣಿಸುವುದಕ್ಕಿಂತ ಅದು ಎಂಥದ್ದು ಅಂತ ನೋಡಿ.

ವೆಬ್‌ಸೈಟಿನವರು ಕೊಡುವ ಅಂಕಿಅಂಶ ನೋಡಿ, ಆದ್ರೆ ನಂಬಿ ಕೂರ್ಬೇಡಿ. ಒಂದೇ ಫೋನಲ್ಲಿ ಅಕ್ಕ ತಮ್ಮ ಇಬ್ಬರೂ ಮಾಡಿರ್ತಾರೆ, ನೆಟ್ ಕಟ್ ಆಗಿ ಒಬ್ಬನೇ ನಾಲ್ಕು ಸಲ ತೆರೆದಿರ್ತಾನೆ, 20 ನಿಮಿಷ ಅಂತ ತೋರಿಸುವಾಗ ಫೋನ್ ಜಗಲಿಯಲ್ಲಿ ಬಿದ್ದಿದ್ದಿರಬಹುದು. ಎಷ್ಟನೇ ಸ್ಕ್ರೀನಲ್ಲಿ ಹೆಚ್ಚಿನವರು ಬಿಟ್ಟು ಹೋದ್ರು ಅನ್ನುವುದು ಮಾತ್ರ ಉಪಯೋಗದ ಲೆಕ್ಕ.

ಆಮೇಲೆ ಜಾಗಕ್ಕೇ ಹೋದಾಗ, ಬೇಕಲ ಆಗ್ಲಿ ಮಂಗಳೂರಿನ ಬಿಜೈಯ ಶ್ರೀಮಂತಿ ಬಾಯಿ ಮ್ಯೂಸಿಯಂ ಆಗ್ಲಿ, ಆ 5 ಮಕ್ಕಳ ಹಿಂದೆಯೇ ಸ್ವಲ್ಪ ದೂರ ಇಟ್ಟುಕೊಂಡು ನಡೀರಿ. ಫೋನಲ್ಲಿ ನೋಡಿದ್ದನ್ನು ಹುಡುಕಿಕೊಂಡು ಹೋಗ್ತಾರಾ, ಗೆಳೆಯರನ್ನು ಕರೆದು ತೋರಿಸ್ತಾರಾ, ಸೀದಾ ಹೊರಗಿನ ಐಸ್‌ಕ್ರೀಮ್ ಗಾಡಿಗಾ? ಎರಡು ವಾರ ಬಿಟ್ಟು ಅದೇ ಫೋಟೋ ತೋರಿಸಿ "ಇದರ ಬಗ್ಗೆ ತಮ್ಮನಿಗೆ ಎಂತ ಹೇಳ್ತಿ?" ಅಂತ ಕೇಳಿ, ಹೇಳಿದ್ದನ್ನು ಹೇಳಿದ ಹಾಗೆಯೇ ಬರ್ಕೊಳ್ಳಿ.

ವರದಿ ಒಂದೇ ಪುಟ ಇರ್ಲಿ: ಯಾವ ಸ್ಕ್ರೀನ್, ಮಗು ಎಂತ ಮಾಡ್ತು, ಎಂತ ಬದಲಾಯಿಸ್ಬೇಕು. ಚಟುವಟಿಕೆ ಮಾಡಿದವರಿಗೆ ಅದನ್ನು ಕಳಿಸಿ, ಅವರು ಸರಿ ಮಾಡಿದ ಮೇಲೆ ಬೇರೆ 5 ಮಕ್ಕಳನ್ನು ಕೂರಿಸಿ ಇನ್ನೊಮ್ಮೆ ನೋಡಿ.