ಹಳೇ ಜೀಪು ಕೈಗೆ ಬಂತೇ? ಮೊದಲು ಚಕ್ರ ತೊಳೆಯಿರಿ

ತೀರ್ಥಹಳ್ಳಿ, ಹೊಸನಗರದ ಕಡೆ ತೋಟದ ಡೀಸೆಲ್ ಜೀಪಿಗೆ ನಿವೃತ್ತಿ ಎಂಬುದಿಲ್ಲ. ಕೈ ಬದಲಾಗುತ್ತದೆ ಅಷ್ಟೆ. ಹಾಗೆ ನಿಮ್ಮ ಅಂಗಳಕ್ಕೆ ಬಂದ ಗಾಡಿ ನಲವತ್ತರ ವೇಗದಲ್ಲಿ ಒಂದು ಗುಂಡಿಗೆ ಇಳಿದದ್ದೇ ಸ್ಟೀರಿಂಗ್ ಗಡಗಡ ನಡುಗಿತು ಎನ್ನಿ. ಸ್ಪ್ಯಾನರ್ ಹುಡುಕಬೇಡಿ, ನೀರಿನ ಪೈಪ್ ಹಿಡಿದು ಮುಂದಿನ ಚಕ್ರಗಳ ಒಳಬದಿ ತೊಳೆಯಿರಿ. ರಿಮ್ಮಿನೊಳಗೆ ಒಂದೇ ಕಡೆ ಒಣಗಿ ಕೂತ ಕೆಮ್ಮಣ್ಣು ಸಾಕು, ಚಕ್ರದ ತೂಕ ತಪ್ಪುತ್ತದೆ. ಇದು ತಿಳಿಯದೆ ನಾನು ಎರಡೂ ಟೈ ರಾಡ್ ಎಂಡ್ (ಸ್ಟೀರಿಂಗ್ ಸರಳಿನ ತುದಿಯ ಜಾಯಿಂಟ್) ಬದಲಿಸಿದ್ದೆ. ದುಡ್ಡು ಹೋಯಿತು, ನಡುಕ ಹೋಗಲಿಲ್ಲ.

ತೊಳೆದು, ಗಾಳಿ ಸರಿಮಾಡಿದರೂ ನಡುಗಿದರೆ ಒಬ್ಬರನ್ನು ಸೀಟಿನಲ್ಲಿ ಕೂರಿಸಿ. ಇಂಜಿನ್ ಬಂದ್, ಸಮತಟ್ಟು ಜಾಗ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು. ಅವರು ಸ್ಟೀರಿಂಗನ್ನು ಆಚೀಚೆ ಸ್ವಲ್ಪವೇ ಆಡಿಸಲಿ, ನೀವು ಕೆಳಗಿನಿಂದ ಒಂದೊಂದೇ ಜಾಯಿಂಟ್ ನೋಡುತ್ತಾ ಹೋಗಿ. ಯಾವ ಜಾಯಿಂಟಿನ ಈ ಬದಿ ಅಲ್ಲಾಡಿ ಆ ಬದಿ ಸುಮ್ಮನಿರುತ್ತದೋ, ಪ್ಲೇ, ಅಂದರೆ ಸಡಿಲು, ಇರುವುದು ಅಲ್ಲೇ. ಸ್ಟೀರಿಂಗ್ ಕಂಬದ ಬುಡದ ಗೇರ್ ಪೆಟ್ಟಿಗೆಯಾದ ಸ್ಟೀರಿಂಗ್ ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳನ್ನೂ ಮರೆಯಬೇಡಿ.

ಆಮೇಲೆ ಜಾಕ್ ಕೊಟ್ಟು, ಆಕ್ಸಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಇಟ್ಟು, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಬ್ರೇಕ್ ಒತ್ತಿಸಿ ಮತ್ತೆ ನೋಡಿ. ಈಗ ನಿಂತಿತೋ, ವೀಲ್ ಬೇರಿಂಗ್ ಸಡಿಲ. ಇನ್ನೂ ಅಲ್ಲಾಡುತ್ತಿದೆಯೋ, ಚಕ್ರ ಎಡಬಲ ತಿರುಗುವ ಗೂಟ, ಕಿಂಗ್ ಪಿನ್, ಸವೆದಿದೆ. ಅದು ಮೆಕ್ಯಾನಿಕ್ ಕೆಲಸ.

ಬಾಕ್ಸಿನ ಮೇಲಿನ ಅಡ್ಜಸ್ಟಿಂಗ್ ಸ್ಕ್ರೂ ಕೊನೆಯದು. ಎಲ್ಲರೂ ಮೊದಲು ತಿರುಗಿಸುವುದು ಅದನ್ನೇ! ಬಾಕ್ಸ್ ಸವೆಯುವುದು ನೇರ ಓಡುವ ನಡುಭಾಗದಲ್ಲಿ. ಅಲ್ಲಿನ ಪ್ಲೇ ಪೂರ್ತಿ ಹೋಗುವಷ್ಟು ಬಿಗಿದರೆ ತುದಿಯಲ್ಲಿ ಹಿಡಿದುಕೊಳ್ಳುತ್ತದೆ, ತಿರುಗಿಸಿದ ಸ್ಟೀರಿಂಗ್ ತಾನಾಗಿ ವಾಪಸು ಬರುವುದಿಲ್ಲ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಇದನ್ನು ಪರೀಕ್ಷಿಸುವ ಅಗತ್ಯವಿಲ್ಲ.

ಇನ್ನು ಇಂಜಿನ್. ಮಳೆಗಾಲವಿಡೀ ಕೊಟ್ಟಿಗೆಯ ಪಕ್ಕ ನಿಂತ ಗಾಡಿ ಸ್ಟಾರ್ಟ್ ಆಗದಿದ್ದರೆ "ಬೋರಿಗೆ ಬಂದಿದೆ" (ಸಿಲಿಂಡರ್ ಸವೆದಿದೆ) ಎನ್ನುವವರ ಮಾತು ಆಮೇಲೆ ಕೇಳೋಣ. ಬ್ಯಾಟರಿ ಟರ್ಮಿನಲ್, ಅರ್ಥ್ ವಯರ್ ಉಜ್ಜಿ. ಡೀಸೆಲ್ ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಬಿಡಿ. ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವ ನೀರಾಗಿ ತಳ ಸೇರಿರುತ್ತದೆ. ನಂತರ ಏರ್ ತೆಗೆಯಿರಿ: ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತುತ್ತಾ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿಯಿರಿ. ಓಡುವ ಇಂಜಿನ್ನಿನ ಇಂಜೆಕ್ಟರ್ ಪೈಪಿನ ಸೋರಿಕೆಯನ್ನು ಮಾತ್ರ ಬೆರಳಿಟ್ಟು ಹುಡುಕಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.

ಕಪ್ಪು ಹೊಗೆಗೆ ಏರ್ ಫಿಲ್ಟರ್ ನೋಡಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಖರ್ಚಿಗೆ ಸಿದ್ಧರಾಗಿ.

ಘಾಟಿ ಹತ್ತುವಾಗ ಬಿಸಿಯೇರಿದರೆ ಫ್ಯಾನ್ ಬೆಲ್ಟ್ ಒತ್ತಿ ನೋಡಿ, ರೇಡಿಯೇಟರ್ ಜಾಲರಿಯ ಕೆಸರು, ಹುಲ್ಲುಬೀಜ ತೊಳೆಯಿರಿ. ಮುಚ್ಚಳ ಪೂರ್ತಿ ಆರಿದ ಮೇಲಷ್ಟೇ ತೆಗೆಯುವುದು. ಸ್ಟಾರ್ಟ್ ಮಾಡಿದಾಗ ಒಳಗಿನ ನೀರು ಎಡೆಬಿಡದೆ ಗುಳ್ಳೆಯೇಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಮೇಲೆ ಅನುಮಾನ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಹೆಚ್ಚಾದ ಕಾಫಿಯಂತೆ ಕಂಡರೆ ಅದಕ್ಕೆ ನೀರು ಸೇರಿದೆ; ಮತ್ತೆ ಸೆಲ್ಫ್ ಹೊಡೆಯಬೇಡಿ, ಹಗ್ಗ ಕಟ್ಟಿ ಎಳೆಸಿ.