ಮೆದುಳಿನ ಪೆಟ್ ಸ್ಕ್ಯಾನ್: ಗಡ್ಡೆ ಇಲ್ಲದ ಕಡೆ ಮಬ್ಬು ಕಂಡರೆ

ಪೆಟ್ ಸ್ಕ್ಯಾನ್‌ನಲ್ಲಿ ತುಸು ವಿಕಿರಣ ಸೂಸುವ ಸಕ್ಕರೆಯನ್ನು (ಗ್ಲೂಕೋಸ್) ಚುಚ್ಚಿ, ಮೆದುಳಿನ ಯಾವ ಭಾಗ ಅದನ್ನು ಎಷ್ಟು ಬಳಸುತ್ತಿದೆ ಎಂದು ನೋಡುತ್ತಾರೆ. ಬಳಕೆ ಕಡಿಮೆ ಇರುವ ಭಾಗ ಮಬ್ಬಾಗಿ ಕಾಣುತ್ತದೆ. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಚಿಕಿತ್ಸೆಗೆಂದು ಮುಂಬೈಗೆ ಬರುವ ಮೆದುಳು ಗಡ್ಡೆಯ ರೋಗಿಗಳ ಮನೆಯವರನ್ನು ಪೆಟ್ ರಿಪೋರ್ಟಿನ ಒಂದು ಸಾಲು ಹೆದರಿಸುತ್ತದೆ. ಗಡ್ಡೆ ಇರುವುದು ಬಲ ಹಣೆಭಾಗದಲ್ಲಿ. ಗ್ಲೂಕೋಸ್ ಬಳಕೆ ಎಡ ಕಿರುಮೆದುಳಿನಲ್ಲೂ ಕಡಿಮೆ. ಅಲ್ಲಿಗೂ ಹಬ್ಬಿತೇ?

ಸಾಮಾನ್ಯವಾಗಿ ಅಲ್ಲ. ಹಣೆಭಾಗದ ನರತಂತುಗಳು ಮೆದುಳು ಕಾಂಡಕ್ಕಿಳಿದು, ಅಲ್ಲಿಂದ ಮುಂದಿನ ತಂತುಗಳು ಅಡ್ಡಹಾಯ್ದು ಎದುರು ಬದಿಯ ಕಿರುಮೆದುಳನ್ನು ಸೇರುತ್ತವೆ. ಗಡ್ಡೆ, ಬಾವು ಅಥವಾ ಶಸ್ತ್ರಚಿಕಿತ್ಸೆಯಿಂದ ಈ ದಾರಿ ಕೆಟ್ಟರೆ ಕಿರುಮೆದುಳಿಗೆ ಸಂದೇಶ ತಲುಪುವುದಿಲ್ಲ. ಕೆಲಸ ಇಳಿದಂತೆ ಸಕ್ಕರೆಯ ಬಳಕೆಯೂ ಇಳಿಯುತ್ತದೆ. ಪೆಟ್ಟು ಬಿದ್ದ ಜಾಗದಿಂದ ದೂರದ ಭಾಗ ಹೀಗೆ ಮಂಕಾಗುವುದನ್ನು 1914ರಲ್ಲಿ ನರವಿಜ್ಞಾನಿ ಫಾನ್ ಮೊನಾಕೋವ್ ಡಯಾಸ್ಕಿಸಿಸ್ ಎಂದು ಕರೆದರು.

ಈ ಮಬ್ಬು ಸರಿಯಾಗಿ ಓದಲು ಸಿಗಬೇಕಾದರೆ ತಯಾರಿ ಸರಿಯಿರಬೇಕು. ರಾತ್ರಿ ರೈಲಿನಲ್ಲಿ ನಿದ್ದೆಗೆಟ್ಟು ದಾದರ್‌ನಲ್ಲಿ ಇಳಿದವರೇ ಸ್ಕ್ಯಾನ್‌ಗೆ ಹೋಗಬೇಡಿ. ಹಿಂದಿನ ದಿನವೇ ಬಂದು ಮಲಗಿ. ಸ್ಕ್ಯಾನ್‌ಗೆ ಮುಂಚೆ 4ರಿಂದ 6 ಗಂಟೆ ಏನೂ ತಿನ್ನಬಾರದು. ಮಾಟುಂಗದ ಇಡ್ಲಿ, ಕಾಫಿ ಆಮೇಲೆ, ನೀರು ಕುಡಿಯಬಹುದು. ರಕ್ತದ ಸಕ್ಕರೆ 200 ಮಿ.ಗ್ರಾಂ. ದಾಟಿದರೆ ಬಹಳ ಕಡೆ ಸ್ಕ್ಯಾನ್ ಮುಂದೂಡುತ್ತಾರೆ, ಏಕೆಂದರೆ ರಕ್ತದ ಸಕ್ಕರೆ ಚುಚ್ಚುಮದ್ದಿನ ಸಕ್ಕರೆಯೊಂದಿಗೆ ಪೈಪೋಟಿಗೆ ಬಿದ್ದು ಇಡೀ ಮೆದುಳೇ ಮಂಕಾಗಿ ಕಾಣುತ್ತದೆ. ಮೆದುಳಿನ ಬಾವು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಕೆಲವು ಫಿಟ್ಸ್ ಮಾತ್ರೆ, ನಿದ್ದೆ ಮಾತ್ರೆಗಳು ಮೆದುಳಿನ ಸಕ್ಕರೆ ಬಳಕೆಯನ್ನು ತಗ್ಗಿಸುತ್ತವೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಹೆಸರು, ಪ್ರಮಾಣ, ತೆಗೆದುಕೊಂಡ ಹೊತ್ತು ಬರೆದು ಕೊಡಿ.

ಚಿತ್ರ ಎಲ್ಲಕ್ಕಿಂತ ಹೆಚ್ಚು ಕೆಡುವುದು ಚುಚ್ಚುಮದ್ದಿನ ನಂತರದ ಮೊದಲ ಅರ್ಧ ಗಂಟೆಯಲ್ಲಿ. ಮಂದ ಬೆಳಕಿನ ಕೋಣೆಯಲ್ಲಿ ಮಾತಿಲ್ಲದೆ, ಫೋನಿಲ್ಲದೆ, ಅಲುಗಾಡದೆ ಮಲಗಬೇಕು. ನೋಡಿದರೆ ದೃಷ್ಟಿಯ ಭಾಗ, ಮಾತಾಡಿದರೆ ಭಾಷೆಯ ಭಾಗ ಹೆಚ್ಚು ಸಕ್ಕರೆ ಎಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಫಿಟ್ಸ್ ಬಂದರೆ ಗಡ್ಡೆಯೇ ಇಲ್ಲದ ಜಾಗ ಉರಿಯುವಂತೆ ಕಾಣಬಹುದು. ಸಿಬ್ಬಂದಿಗೆ ತಕ್ಷಣ ಹೇಳಿ. ಚುಚ್ಚುಮದ್ದಿನಲ್ಲಿ ವಿಕಿರಣ ಸೂಸುವ ಫ್ಲೋರಿನ್-18ರ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕೆ ಇಳಿಯುವ ಸಮಯ) ಸುಮಾರು 110 ನಿಮಿಷ, ಹಾಗಾಗಿ ಅಂದು ಕೆಲವು ಗಂಟೆ ಗರ್ಭಿಣಿಯರು, ಚಿಕ್ಕ ಮಕ್ಕಳಿಂದ ದೂರವಿರಿ.

ಹಳೆಯ ಎಂಆರ್‌ಐ ಸಿಡಿಯನ್ನು ಮರೆಯದೆ ಒಯ್ಯಿರಿ. ಮಬ್ಬಾದ ಕಿರುಮೆದುಳು ಎಂಆರ್‌ಐಯಲ್ಲಿ ಸ್ವಚ್ಛವಾಗಿದ್ದರೆ ಅದು ಡಯಾಸ್ಕಿಸಿಸ್ ಎನ್ನಲು ಬಲ ಬರುತ್ತದೆ. ಆದರೆ ನಿಧಾನವಾಗಿ ಬೆಳೆಯುವ ಕೆಲವು ಗಡ್ಡೆಗಳೂ ಪೆಟ್‌ನಲ್ಲಿ ಮಬ್ಬಾಗಿಯೇ ಕಾಣುತ್ತವೆ. ಆದ್ದರಿಂದ ಪೆಟ್ ಚಿತ್ರವೊಂದನ್ನೇ ನೋಡಿ ತೀರ್ಮಾನಿಸಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಿರಾ ಎಂದು ವೈದ್ಯರನ್ನು ಕೇಳಿ.