ಕರ್ನಲ್ ಡೀಬಗರ್‌ಗೆ ಸಿಂಬಲ್ ಟೇಬಲ್ ಕೊಡೋದು ಹೇಗೆ?

ಜಿಡಿಬಿ ಅನ್ನೋ ಡೀಬಗರ್‌ನಿಂದ (ಓಡ್ತಿರೋ ಪ್ರೋಗ್ರಾಮನ್ನ ನಿಲ್ಲಿಸಿ ಒಳಗೆ ನೋಡೋ ಟೂಲ್) ಕರ್ನಲ್‌ಗೆ, ಅಂದ್ರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ, ಕನೆಕ್ಟ್ ಆಗಿ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನ ಕರೀತು ಅನ್ನೋ ಪಟ್ಟಿ) ಕೇಳಿದ್ರೆ ಬರೀ ಮಾರುದ್ದದ ಹೆಕ್ಸ್ ಅಡ್ರೆಸ್, ಪಕ್ಕದಲ್ಲಿ ಎರಡು ಪ್ರಶ್ನೆ ಗುರುತು ಬರ್ತಿದ್ಯಾ? ಡೀಬಗರ್ ಕೆಟ್ಟಿಲ್ಲ, ಯಾವ ಅಡ್ರೆಸ್ಸಲ್ಲಿ ಯಾವ ಫಂಕ್ಷನ್ ಇದೆ ಅಂತ ಅದಕ್ಕೆ ಯಾರೂ ಹೇಳಿಲ್ಲ ಅಷ್ಟೆ. ಆ ಪಟ್ಟಿನೇ ಸಿಂಬಲ್ ಟೇಬಲ್. ಇಲ್ಲಿ ಲಿನಕ್ಸನ್ನ ಕ್ಯೂಎಮು ಅನ್ನೋ ವರ್ಚುವಲ್ ಮೆಷಿನ್ ಒಳಗೆ ಓಡಿಸ್ತಿದೀರ ಅಂದ್ಕೊಂಡು ಹೇಳ್ತೀನಿ.

ಮೊದಲು ಬಿಲ್ಡ್. ಕರ್ನಲ್ ಸೆಟ್ಟಿಂಗ್ಸ್ ಆರಿಸೋ ಮೆನುಕಾನ್ಫಿಗ್‌ನಲ್ಲಿ 'ಕರ್ನಲ್ ಹ್ಯಾಕಿಂಗ್' ಒಳಗೆ ಹೋಗಿ ಡೀಬಗ್ ಇನ್ಫರ್ಮೇಶನ್ ಆನ್ ಮಾಡಿ, ಜಿಡಿಬಿ ಸ್ಕ್ರಿಪ್ಟ್ಸ್ ಅನ್ನೋದನ್ನೂ ಆನ್ ಮಾಡಿ, ಆದ್ರೆ ಡೀಬಗ್ ಮಾಹಿತಿ ಕಮ್ಮಿ ಮಾಡೋ 'ರೆಡ್ಯೂಸ್' ಆಪ್ಷನ್ ಮುಟ್ಬೇಡಿ, ಜಾಗ ಉಳಿಯುತ್ತೆ ನಿಜ, ಸ್ಟ್ರಕ್ಚರ್ ಒಳಗೇನಿದೆ ಅಂತ ನೋಡೋಕೆ ಹೋದಾಗ ಮಾತ್ರ ಪರದಾಡ್ತೀರ.

ಬಿಲ್ಡ್ ಮುಗಿದ್ಮೇಲೆ ಎರಡು ಫೈಲ್ ಮುಖ್ಯ. ಬೂಟ್ ಆಗೋದು ಬಿಜೆಡ್‌ಇಮೇಜ್, ಅದು ಕಂಪ್ರೆಸ್ ಆಗಿರುತ್ತೆ, ಡೀಬಗರ್‌ಗೆ ಅದರಿಂದ ಪ್ರಯೋಜನ ಇಲ್ಲ. ಸೋರ್ಸ್ ಫೋಲ್ಡರಿನ ಮೇಲ್ಗಡೆನೇ ಕೂತಿರೋ ವಿಎಂಲಿನಕ್ಸ್ ಅನ್ನೋ ದಢೂತಿ ಫೈಲ್ ಇದ್ಯಲ್ಲ, ಜಿಡಿಬಿಗೆ ಕೊಡ್ಬೇಕಾಗಿರೋದು ಅದು.

ಇನ್ನು ಕೆಎಎಸ್‌ಎಲ್‌ಆರ್, ಅಂದ್ರೆ ಭದ್ರತೆಗೋಸ್ಕರ ಕರ್ನಲ್ ಕೂರೋ ಅಡ್ರೆಸ್ಸನ್ನ ಬೇಕಂತಲೇ ಬದಲಾಯಿಸೋ ವ್ಯವಸ್ಥೆ. ಎಕ್ಸ್86ನಲ್ಲಿ 2017ರ 4.12 ವರ್ಷನ್‌ನಿಂದ ಇದು ಡೀಫಾಲ್ಟಾಗೇ ಆನ್, ಪ್ರತಿ ಬೂಟ್‌ಗೂ ಕರ್ನಲ್ ಬೇರೆ ಬೇರೆ ಅಡ್ರೆಸ್ಸಲ್ಲಿ ಕೂರುತ್ತೆ, ಟೇಬಲ್‌ನಲ್ಲಿರೋ ಅಡ್ರೆಸ್ಸಿಗೂ ಅದಕ್ಕೂ ತಾಳೆನೇ ಆಗಲ್ಲ. ಬೂಟ್ ಲೈನ್‌ನಲ್ಲಿ 'ನೋಕೆಎಎಸ್‌ಎಲ್‌ಆರ್' ಅಂತ ಹಾಕಿ, ಮುಗೀತು.

ಕ್ಯೂಎಮುಗೆ ಮೈನಸ್ ಸಣ್ಣ ಎಸ್, ಮೈನಸ್ ದೊಡ್ಡ ಎಸ್ ಎರಡೂ ಕೊಡಿ. ಸಣ್ಣದು 1234 ಪೋರ್ಟ್ ತೆಗೆಯುತ್ತೆ, ದೊಡ್ಡದು ಸಿಪಿಯುನ ಶುರುವಲ್ಲೇ ನಿಲ್ಲಿಸುತ್ತೆ. ಜಿಡಿಬಿಗೆ ವಿಎಂಲಿನಕ್ಸ್ ಕೊಟ್ಟು 'ಟಾರ್ಗೆಟ್ ರಿಮೋಟ್' ಅಂತ ಆ ಪೋರ್ಟ್‌ಗೆ ಸೇರಿ, ಸ್ಟಾರ್ಟ್_ಕರ್ನಲ್ ಫಂಕ್ಷನ್‌ಗೆ 'ಎಚ್‌ಬ್ರೇಕ್' (ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್, ಅಂದ್ರೆ ಅಲ್ಲಿಗೆ ಬಂದಾಗ ನಿಲ್ಲು ಅಂತ ಸಿಪಿಯುಗೇ ಹೇಳೋದು) ಹಾಕಿ ಕಂಟಿನ್ಯೂ ಕೊಡಿ. ಎಚ್ ಯಾಕಂದ್ರೆ ಆ ಹೊತ್ತಿಗೆ ಕರ್ನಲ್ ಇನ್ನೂ ಮೆಮೊರಿಯಲ್ಲಿ ಬಿಚ್ಕೊಂಡೇ ಇರಲ್ಲ, ಮಾಮೂಲಿ ಬ್ರೇಕ್ ನಂಬೋ ಹಾಗಿಲ್ಲ. ಇನಿಟ್ ಫೋಲ್ಡರಿನ ಮೇನ್ ಡಾಟ್ ಸಿ ಲೈನ್ ನಂಬರ್ ಸಮೇತ ಬಂದು ನಿಂತ್ರೆ ಟೇಬಲ್ ಸರಿಯಾಗಿ ಕೂತಿದೆ ಅಂತ.

ನಾನೊಂದ್ಸಲ ಒಂದು ಸಂಜೆ ಪೂರ್ತಿ ಹಾಳ್ಮಾಡ್ಕೊಂಡೆ. ಕೋಡ್ ತಿದ್ದಿ ಮತ್ತೆ ಬಿಲ್ಡ್ ಮಾಡಿದ್ದೆ, ಬೂಟ್ ಆಗ್ತಿದ್ದಿದ್ದು ಮಾತ್ರ ಬೇರೆ ಫೋಲ್ಡರಲ್ಲಿ ಕಾಪಿ ಇಟ್ಟಿದ್ದ ಹಳೇ ಇಮೇಜ್. ಹೆಸರುಗಳೆಲ್ಲ ಚೆನ್ನಾಗೇ ಕಾಣ್ತಿದ್ವು, ಬ್ರೇಕ್‌ಪಾಯಿಂಟ್ ಮಾತ್ರ ಯಾವುದೋ ಫಂಕ್ಷನ್ ನಡುವೆ ಹೋಗಿ ಬೀಳ್ತಿತ್ತು. ಸಿಂಬಲ್ ಇಲ್ಲದಿದ್ರೆ ಕಣ್ಣಿಗೆ ಕಾಣುತ್ತೆ, ತಪ್ಪು ಸಿಂಬಲ್ ಇದ್ರೆ ಕಾಣಲ್ಲ, ಅದೇ ಕಷ್ಟ. ಅದಕ್ಕೆ ಕ್ಯೂಎಮು ಒಳಗೆ 'ಯೂನೇಮ್ ಮೈನಸ್ ವಿ' ಕೊಟ್ಟು ಬರೋ ಬಿಲ್ಡ್ ನಂಬರ್, ತಾರೀಕು, ಟೈಮ್‌ನ ವಿಎಂಲಿನಕ್ಸ್ ಮೇಲೆ 'ಸ್ಟ್ರಿಂಗ್ಸ್' ಓಡಿಸಿದಾಗ ಸಿಗೋ 'ಲಿನಕ್ಸ್ ವರ್ಷನ್' ಸಾಲಿನ ಜೊತೆ ಹೋಲಿಸಿ ನೋಡಿ.

ಮಾಡ್ಯೂಲ್‌ಗಳದ್ದು (ಬೇಕಾದಾಗ ಕರ್ನಲ್‌ಗೆ ಸೇರಿಸ್ಕೊಳ್ಳೋ ತುಣುಕುಗಳು) ಬೇರೆ ಲೆಕ್ಕ, ಅವುಗಳ ಸಿಂಬಲ್ ವಿಎಂಲಿನಕ್ಸ್‌ನಲ್ಲಿ ಇರಲ್ಲ. ಬೂಟ್ ಆದ್ಮೇಲೆ ಜಿಡಿಬಿಯಲ್ಲಿ 'ಎಲ್‌ಎಕ್ಸ್-ಸಿಂಬಲ್ಸ್' ಅಂತ ಕೊಟ್ರೆ ಲೋಡ್ ಆಗಿರೋದನ್ನೆಲ್ಲ ಅದೇ ಹುಡುಕಿ ಸೇರಿಸುತ್ತೆ. ಕಮಾಂಡೇ ಗೊತ್ತಿಲ್ಲ ಅಂತ ಜಿಡಿಬಿ ಹಟ ಮಾಡಿದ್ರೆ, ಕರ್ನಲ್ ಫೋಲ್ಡರನ್ನ ಅದರ ಆಟೋ ಲೋಡ್ ಸೇಫ್ ಪಾತ್‌ಗೆ (ಜಿಡಿಬಿ ನಂಬಿ ಸ್ಕ್ರಿಪ್ಟ್ ಓಡಿಸೋ ಫೋಲ್ಡರ್‌ಗಳ ಪಟ್ಟಿ) ಸೇರಿಸಿಲ್ಲ ಅಂತ ಸಾಮಾನ್ಯವಾಗಿ ಅರ್ಥ, ಸೇರಿಸಿ ಜಿಡಿಬಿ ಮತ್ತೆ ಓಪನ್ ಮಾಡಿ.